ಬಣ್ಣ ಆರುವ ತನಕ

ಮೊನ್ನೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಕಬ್ಬಿಣದ ಕಂಬಿಗಳಿಗೆ ಹಸಿರು ಬಣ್ಣ ಬಳಿದಿದ್ದರು. ಒಂದು ರಟ್ಟಿನ ಮೇಲೆ ‘ಹಸಿ ಬಣ್ಣ, ಮುಟ್ಟಬೇಡಿ’ ಎಂದು ಬರೆದು ತೂಗುಹಾಕಿದ್ದರು. ಆ ರಟ್ಟನ್ನು ಓದಿದವರೆಲ್ಲ ಒಮ್ಮೆ ಕಂಬಿಯನ್ನು ಮುಟ್ಟಿ, ಬೆರಳಿಗೆ ಹತ್ತಿದ್ದನ್ನು ನೋಡಿ, “ಹೌದು, ಹಸಿ ಉಂಟು” ಎಂದು ಖಾತ್ರಿ ಮಾಡಿಕೊಂಡು, ಬೆರಳನ್ನು ಪಕ್ಕದ ಗೋಡೆಗೆ ಒರೆಸಿ ಬಸ್ಸು ಹತ್ತುತ್ತಿದ್ದರು. ಗೋಡೆ ತುಂಬ ಹಸಿರು ಬೆರಳುಗಳು. ನಾನೊಬ್ಬ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಇದನ್ನು ಸಭ್ಯತೆ ಎಂದು ತಿಳಿಯಬೇಡಿ. ಕಸುಬಿನಿಂದ ಅಂಟಿದ ರೋಗ. ಹಸಿ ಬಣ್ಣ ಕಂಡರೆ ನನಗೆ ಕಾಯಬೇಕೆನಿಸುತ್ತದೆ.

ಆ ಕಸುಬಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಶಾರ್ಜಾದಲ್ಲಿ ಕಾರುಗಳಿಗೆ ಫಿಲ್ಮ್ ಅಂಟಿಸುತ್ತಿದ್ದವನು. ಫಿಲ್ಮ್ ಎಂದ ಕೂಡಲೇ ನಮ್ಮ ಕಡೆಯವರು ಗಾಜಿಗೆ ಹಾಕುವ ಕಪ್ಪು ಹಾಳೆ ಎಂದುಕೊಳ್ಳುತ್ತಾರೆ. ಇದು ಬೇರೆ. ಕಾರಿನ ಬಣ್ಣದ ಮೇಲೆ, ಬಾನೆಟ್ಟಿಗೆ, ಬಂಪರಿಗೆ, ಬಾಗಿಲ ಹಿಡಿಕೆಯ ಒಳಗುಳಿಗೆ ಅಂಟಿಸುವ ಪಾರದರ್ಶಕ ಹಾಳೆ. ಮರಳುಗಾಳಿಗೆ ಬಣ್ಣ ತರಚದಿರಲಿ, ರಸ್ತೆಯ ಕಲ್ಲು ಹಾರಿ ಚುಕ್ಕೆ ಬೀಳದಿರಲಿ ಎಂದು ಅಲ್ಲಿಯವರು ಅದನ್ನು ಹಾಕಿಸುತ್ತಾರೆ. ಚೆನ್ನಾಗಿ ಹಾಕಿದರೆ ಅದು ಇದೆ ಎಂದೇ ಯಾರಿಗೂ ತಿಳಿಯಬಾರದು. ಕಣ್ಣಿಗೆ ಬಿತ್ತೆಂದರೆ ಕೆಲಸ ಕೆಟ್ಟಿತೆಂದು ಲೆಕ್ಕ. ಹೀಗೆ ನನ್ನ ಪ್ರಾಯವೆಲ್ಲ ಯಾರಿಗೂ ಕಾಣಿಸದಂಥ ಕೆಲಸ ಮಾಡುವುದರಲ್ಲೇ ಕಳೆಯಿತು.

ಈ ಕೆಲಸ ನನಗೆ ಸಿಕ್ಕಿದ್ದು ಆಕಸ್ಮಿಕ. ಆದರೆ ನಮ್ಮ ಮನೆತನದ ಸ್ವಭಾವ ನೋಡಿದರೆ ಇದು ಹಣೆಯಲ್ಲೇ ಬರೆದಿತ್ತೇನೋ ಅನಿಸುತ್ತದೆ. ನಾನು ಹುಟ್ಟಿ ಬೆಳೆದದ್ದು ವಿಟ್ಲದಲ್ಲಿ. ಪೇಟೆಯಲ್ಲಿ ಉಪ್ಪನಿಗೆ, ಅಂದರೆ ಅಪ್ಪನಿಗೆ, ಒಂದು ಸಣ್ಣ ಚಪ್ಪಲಿ ಅಂಗಡಿ ಇತ್ತು. ನಮ್ಮದು ಹೊದಿಸುವ ವಂಶ. ಮನೆಯಲ್ಲಿದ್ದ ರೇಡಿಯೋಕ್ಕೆ ಉಮ್ಮ ರವಿಕೆ ಬಟ್ಟೆಯ ತುಂಡಿನಿಂದ ಒಂದು ಅಂಗಿ ಹೊಲಿದಿದ್ದರು. ಆ ಅಂಗಿಗೆ ಬಲಗಡೆ ಒಂದು ತೂತು, ಕಿವಿ ತಿರುಗಿಸಲಿಕ್ಕೆ. ಬಟ್ಟೆಯೊಳಗಿಂದ ಬರುವ ವಾರ್ತೆ ಯಾವಾಗಲೂ ನೆಗಡಿಯಾದವರು ಓದಿದ ಹಾಗೆ ಕೇಳುತ್ತಿತ್ತು. ಜೂನ್ ತಿಂಗಳು ಬಂತೆಂದರೆ ಸಿಮೆಂಟ್ ಚೀಲದ ಒಳಕಾಗದ ಕೊಡವಿ ನಮ್ಮ ಪಠ್ಯಪುಸ್ತಕಗಳಿಗೆ ಬೈಂಡು. ಮಳೆಗೆ ಒದ್ದೆಯಾದರೆ ನನ್ನ ಗಣಿತ ಪುಸ್ತಕದಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತದೆ ಎಂದು ಮೇಷ್ಟ್ರು ನಗುತ್ತಿದ್ದರು.

ನಮ್ಮ ದೊಡ್ಡ ಮಾವನ ಮನೆಯಲ್ಲಿ ಒಂದು ಸೋಫಾ ಇತ್ತು. ಅಂಗಡಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಅವರು ತೆಗೆದಿರಲೇ ಇಲ್ಲ. ಚಡ್ಡಿ ಹಾಕಿ ಅದರ ಮೇಲೆ ಕೂತರೆ ತೊಡೆ ಬೆವರಿ ಅಂಟಿಕೊಳ್ಳುತ್ತಿತ್ತು. ಏಳುವಾಗ ಚರ್ರೆಂದು ಶಬ್ದ. ಆ ಶಬ್ದಕ್ಕೆ ಹೆದರಿ ನಾವು ಮಕ್ಕಳು ನಿಂತೇ ಇರುತ್ತಿದ್ದೆವು. ಕಡೆಗೂ ಆ ಪ್ಲಾಸ್ಟಿಕ್ ತೆಗೆದದ್ದು ಮಾವ ತೀರಿಕೊಂಡ ದಿನ, ಮಾತಾಡಿಸಲು ಬಂದವರು ಕೂರಬೇಕಲ್ಲ ಎಂದು. ಒಳಗಿನ ಬಟ್ಟೆ ಹೊಚ್ಚ ಹೊಸದಾಗಿತ್ತು. ಕಡುಗೆಂಪು ಹೂಗಳಿದ್ದವು. ಅಷ್ಟು ಚಂದದ ಹೂಗಳ ಮೇಲೆ ಮಾವ ಒಂದು ದಿನವೂ ಕೂರಲಿಲ್ಲ.

ಮದುವೆಯಾದ ಮರುವರ್ಷ, ತೊಂಬತ್ತರ ದಶಕದ ಮೊದಲಲ್ಲಿ, ನಾನು ಶಾರ್ಜಾಕ್ಕೆ ಹೋದೆ. ಮೊದಲು ಕಾರು ತೊಳೆಯುವ ಕೆಲಸ, ಆಮೇಲೆ ಈ ಫಿಲ್ಮಿನ ಅಂಗಡಿ. ನನ್ನ ಜೋಡಿ ಕಾಸರಗೋಡಿನ ಮೊಯ್ದು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಹಾಳೆಯ ಈ ತುದಿ ನಾನು ಹಿಡಿದರೆ ಆ ತುದಿ ಅವನು. ನಡುವೆ ಸಾಬೂನು ನೀರು ಚಿಮುಕಿಸಿ, ಹಾಳೆ ಇಳಿಸಿ, ರಬ್ಬರಿನ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತೀಡುತ್ತಾ ಹೋಗಬೇಕು. ಒಂದು ಗುಳ್ಳೆ ಉಳಿಯಬಾರದು. ಸಂಜೆಯ ಹೊತ್ತಿಗೆ ನಮ್ಮ ಬೆರಳುಗಳು ಮುದುಕಿಯರ ಕೆನ್ನೆಯ ಹಾಗಾಗುತ್ತಿದ್ದವು.

ಅಲ್ಲಿ ಒಂದು ನಿಯಮವಿತ್ತು. ಅಪಘಾತವಾಗಿಯೋ ಇನ್ನೇನಾಗಿಯೋ ಮತ್ತೆ ಬಣ್ಣ ಹೊಡೆಸಿದ ಕಾರು ಬಂದರೆ, ನಾವು ಕೂಡಲೇ ಫಿಲ್ಮ್ ಹಾಕುತ್ತಿರಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬಣ್ಣ ತೆಳು ಮಾಡಲು ಬೆರೆಸಿದ ಥಿನ್ನರು ಇನ್ನೂ ಆವಿಯಾಗುತ್ತಿರುತ್ತದೆ. ಅದು ಪೂರ್ತಿ ಹೊರಗೆ ಹೋಗಬೇಕು. ಅವಸರದಲ್ಲಿ ಹಾಳೆ ಮುಚ್ಚಿದರೆ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಹಾಳೆ ಕಿತ್ತರೆ ಬಣ್ಣವೂ ಜೊತೆಗೆ ಬರುತ್ತದೆ. ಕಾರಿನವರು ಕೂಗಾಡುತ್ತಿದ್ದರು. ನಾವು ಒಂದು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸುತ್ತಿದ್ದೆವು. ಬೇರೆಯವರಿಗೆ ಕಾಯಲು ಹೇಳುವುದು ಬಹಳ ಸುಲಭ. ಹೇಳಿ ಹೇಳಿ ನನಗೆ ಅದೊಂದು ಖುಷಿಯೇ ಆಗಿಬಿಟ್ಟಿತ್ತು.

ಮಗಳು ನಸೀಮಾ ಪಿಯುಸಿ ಸೇರಿದ ವರ್ಷ ನಾನು ಎಲ್ಲ ಬಿಟ್ಟು ಊರಿಗೆ ಬಂದೆ. ಬರುವಾಗ ಕೈಯಲ್ಲಿ ಒಂದು ಫಿಲ್ಮಿನ ಸುರುಳಿ. ಇಷ್ಟು ವರ್ಷ ಕಂಡವರ ಕಾರಿಗೆಲ್ಲ ಹಾಕಿದವನು ಇನ್ನು ನನ್ನ ಸ್ವಂತ ಕಾರಿಗೆ ಹಾಕಿಕೊಳ್ಳುತ್ತೇನೆ ಎಂಬ ಹಟ. ಸ್ವಂತ ಕಾರು ಆಗ ಇರಲಿಲ್ಲ, ಅದು ಬೇರೆ ಮಾತು. ಸುರುಳಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ವಿಮಾನದಲ್ಲಿ ಕೂತಿದ್ದೆ. ಬಜ್ಪೆಯಲ್ಲಿ ಕಸ್ಟಮ್ಸಿನವರು, “ಇದೆಂತದು?” ಎಂದು ಕೇಳಿದರು. “ಹೊದಿಕೆ” ಎಂದೆ. ಬಿಡಿಸಿ ನೋಡಿದರು. ಒಳಗೆ ಏನೂ ಕಾಣಲಿಲ್ಲ. ಇನ್ನೂ ಬಿಡಿಸಿದರು. ಇನ್ನೂ ಕಾಣಲಿಲ್ಲ. ಸಾಕಾಗಿ ಬಿಟ್ಟುಬಿಟ್ಟರು.

ಬಂದ ಮೇಲೆ ಒಂದು ಹಳೆಯ ಮಾರುತಿ ಎಂಟುನೂರು ಕೊಂಡೆ. ಬಿಳಿ ಬಣ್ಣ ಹಳದಿಗೆ ತಿರುಗಿ, ಬಾಗಿಲ ಅಂಚಿನಲ್ಲಿ ತುಕ್ಕು ಹಿಡಿದಿತ್ತು. ಬಿ.ಸಿ. ರೋಡಿನಲ್ಲಿ ಪೇಂಟಿಂಗ್ ಮಾಡುವ ವಸಂತನ ಹತ್ತಿರ ಬಿಟ್ಟು, ನೀಲಿ ಹೊಡೆಸಿದೆ. ನಸೀಮಾ ಸಣ್ಣವಳಿದ್ದಾಗ ಫೋನಿನಲ್ಲಿ, “ಉಪ್ಪಾ, ನಮಗೆ ಕಾರು ಬಂದರೆ ನೀಲಿ ಬೇಕು, ನವಿಲಿನ ಕುತ್ತಿಗೆಯ ನೀಲಿ” ಎಂದಿದ್ದು ನೆನಪಿತ್ತು. ಮುಂದಿನ ವಾರ ಅವಳು ಗುಲಾಬಿ ಎಂದಿದ್ದಳು, ಅದನ್ನು ನಾನು ಮರೆತೆ.

ವಸಂತ ಕಾರು ಒಪ್ಪಿಸುವಾಗ ನನಗೆ ಉಪದೇಶ ಶುರುಮಾಡಿದ.

“ಹಮೀದಾಕ, ಒಂದು ತಿಂಗಳು ಇದರ ಮೇಲೆ ಎಂತದೂ ಹಾಕ್ಲಿಕ್ಕೆ ಹೋಗ್ಬೇಡಿ. ಟರ್ಪಾಲ್ ಸಹ ಬೇಡ.”

“ನನಗೆ ಗೊತ್ತುಂಟು ಮಾರಾಯ. ನಾನು ಅದೇ ಕೆಲಸದವ.”

“ಗೊತ್ತುಂಟು ಅಂತ ಎಲ್ಲರೂ ಹೇಳ್ತಾರೆ. ಎರಡನೇ ದಿನಕ್ಕೆ ಹೂವಿನ ಸ್ಟಿಕ್ಕರ್ ಹಚ್ಚಿಕೊಂಡು ಬರ್ತಾರೆ.”

“ನಾನು ಹಚ್ಚುವುದಿಲ್ಲ. ಇನ್ನೂ ಹತ್ತು ದಿನ ಜಾಸ್ತಿಯೇ ಕಾಯ್ತೇನೆ.”

“ಹಾಂ, ಹಾಗಾದ್ರೆ ಒಳ್ಳೇದು. ಇಲ್ಲಿ ಗಾಳಿಯಲ್ಲಿ ಪಸೆ ಉಂಟಲ್ಲ.”

ಕಾಯಬೇಕೆಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ನಾನು ಕಾರನ್ನು ಮೆಲ್ಲಗೆ ಓಡಿಸಿಕೊಂಡು ಮನೆಗೆ ಬಂದು ಮಾಡಿನ ಕೆಳಗೆ ನಿಲ್ಲಿಸಿದೆ. ಕಾಯುವುದು ಶುರುವಾಯಿತು.

ನಮ್ಮ ಮನೆ ವೇಣೂರಿನ ಹತ್ತಿರ, ಹೆಂಡತಿ ಜುಬೈದಾಳ ತವರುಮನೆಯ ಪಕ್ಕದಲ್ಲೇ. ನಮ್ಮಲ್ಲಿ ಅಳಿಯನನ್ನು ಪುದಿಯಾಪ್ಳೆ ಎನ್ನುತ್ತಾರೆ. ಹೊಸ ಮದುಮಗ ಎಂದು ಅರ್ಥ. ತಲೆ ನೆರೆತರೂ ಅವನು ಹೊಸಬನೇ. ರಜೆಯಲ್ಲಿ ಬಂದಾಗ ಈ ಉಪಚಾರ ಚಂದವಿತ್ತು. ನನಗೆಂದೇ ಬೇರೆ ತಟ್ಟೆ, ಮೀನಿನ ನಡುವಿನ ತುಂಡು, ಚಹಾಕ್ಕೆ ಜೊತೆಗೆ ಏನಾದರೊಂದು ತಿಂಡಿ. ಆದರೆ ಈಗ ರಜೆ ಇರಲಿಲ್ಲ. ಈಗಲೂ ಅದೇ ತಟ್ಟೆ, ಅದೇ ತುಂಡು. ಒಂದು ಬೆಳಿಗ್ಗೆ, ಶಾರ್ಜಾದ ರೂಮಿನ ಅಭ್ಯಾಸದಂತೆ, ನಾನು ತಿಂದ ತಟ್ಟೆ ನಾನೇ ತೊಳೆಯುತ್ತಿದ್ದೆ. ಮಾಮಿ, ಅಂದರೆ ಜುಬೈದಾಳ ತಾಯಿ, ನೋಡಿದವರೇ ತಲೆಯ ಮೇಲೆ ಕೈ ಹೊತ್ತರು.

“ಪುದಿಯಾಪ್ಳೆ ತಟ್ಟೆ ತೊಳೆಯುವುದಾ? ಯಾರಾದ್ರೂ ನೋಡಿದ್ರೆ ನಮ್ಮನ್ನು ಎಂತ ಹೇಳ್ತಾರೆ?”

ತಟ್ಟೆ ಬಿಟ್ಟೆ. ಹಾಗಾದರೆ ಅಡುಗೆಮನೆಯ ಕಪಾಟಾದರೂ ಸರಿಮಾಡುವ ಎಂದು ಒಂದು ಮಧ್ಯಾಹ್ನ ಡಬ್ಬಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದೆ. ನೋಡಲು ಸೈನ್ಯದ ಹಾಗೆ ಚಂದ ಕಾಣುತ್ತಿತ್ತು. ಜುಬೈದಾ ಬಂದು ನೋಡಿ, ದೊಡ್ಡ ಡಬ್ಬವನ್ನು ಮತ್ತೆ ಅದರ ಮೊದಲಿನ ಜಾಗಕ್ಕೆ ಸರಿಸಿದಳು.

“ನೀವು ಇದಕ್ಕೆ ಕೈ ಹಾಕ್ಬೇಡಿ. ಕರೆಂಟ್ ಹೋದ್ರೂ ಕೈಗೆ ಸಿಗುವ ಹಾಗೆ ನಾನು ಇಟ್ಟುಕೊಂಡದ್ದು ಅದು,” ಎಂದಳು. ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಮನೆಯವನು ಎಂದು ಸ್ವಲ್ಪ ಸಮಾಧಾನವಾಗುತ್ತಿತ್ತು.

ನಾನಿಲ್ಲದ ವರ್ಷಗಳಲ್ಲಿ ಅವಳು ಬಾವಿ ತೋಡಿಸಿದ್ದಳು, ಕಂಪೌಂಡು ಕಟ್ಟಿಸಿದ್ದಳು, ಕರೆಂಟಿನವರ ಹತ್ತಿರ ಜಗಳಾಡಿ ಕಂಬ ಆಚೆಗೆ ಹಾಕಿಸಿದ್ದಳು. ಪೇಟೆಯಲ್ಲಿ ಅಂಗಡಿಯವರು, ಬಸ್ಸಿನ ಕಂಡಕ್ಟರುಗಳು, ಗಿರಣಿಯವರು ಎಲ್ಲರೂ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನನ್ನನ್ನು ಕಂಡರೆ ಕೇಳುವುದು ಎರಡೇ ಪ್ರಶ್ನೆ: “ಯಾವಾಗ ಬಂದದ್ದು?” ಮತ್ತು “ಯಾವಾಗ ಹೋಗುವುದು?” ಗಲ್ಫಿನವನಿಗೆ ಊರಿನಲ್ಲಿ ಮೂರನೆಯ ಪ್ರಶ್ನೆ ಇಲ್ಲ. ಮೀನಿನ ಮಾರ್ಕೆಟ್ಟಿನಲ್ಲಿ ಒಬ್ಬರಿಗೆ, “ಇನ್ನು ಹೋಗುವುದಿಲ್ಲ, ಬಂದುಬಿಟ್ಟೆ” ಎಂದೆ. ಅವರು ದನಿ ತಗ್ಗಿಸಿ, “ಎಂತ ಆಯ್ತು? ಆರೋಗ್ಯ ಹೇಗುಂಟು?” ಎಂದು ಕೇಳಿದರು. ಆಮೇಲೆ ನಾನು ಕೇಳಿದವರಿಗೆಲ್ಲ “ನೋಡುವ” ಎಂದಷ್ಟೇ ಹೇಳುತ್ತಿದ್ದೆ.

ಹೀಗಾಗಿ ನನಗೆ ಉಳಿದದ್ದು ಕಾರು. ಬೆಳಿಗ್ಗೆ ಎದ್ದು ಕುರ್ಚಿ ಹಾಕಿಕೊಂಡು ಅದರ ಎದುರು ಕೂರುತ್ತಿದ್ದೆ. ಬಿಸಿಲು ಏರಿದ ಮೇಲೆ ಹೊರಗೆ ತಂದು ನಿಲ್ಲಿಸುತ್ತಿದ್ದೆ, ಇಳಿದ ಮೇಲೆ ಒಳಗೆ ತರುತ್ತಿದ್ದೆ. ಥಿನ್ನರು ಪೂರ್ತಿ ಆರಿದೆಯೇ ಎಂದು ತಿಳಿಯಲು ನಮ್ಮ ಕಸುಬಿನಲ್ಲಿ ಒಂದು ಸುಲಭದ ದಾರಿಯುಂಟು. ಬಿಸಿಲಿಗೆ ಕಾದ ಬಾನೆಟ್ಟಿಗೆ ಮೂಗು ಹತ್ತಿರ ತಂದು ಮೂಸುವುದು. ನಾನು ದಿನಾ ಮೂಸುತ್ತಿದ್ದೆ. ಒಂದು ದಿನ ಮಾಮಿ ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದರು. ಆ ಮಧ್ಯಾಹ್ನ ಅವರು ಜುಬೈದಾಳ ಹತ್ತಿರ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು: “ಅಲ್ಲಿಯ ಸೆಕೆ ತಲೆಗೆ ಏರಿರ್ಬೇಕು. ಒಳ್ಳೆ ಡಾಕ್ಟ್ರಿಗೆ ಒಮ್ಮೆ ತೋರಿಸುವ.”

ಇನ್ನು ನಸೀಮಾಳ ವಿಷಯ. ನಿಜ ಹೇಳಬೇಕೆಂದರೆ ನಾನು ಬಂದದ್ದೇ ಅವಳಿಗಾಗಿ. ನಾನು ಶಾರ್ಜಾದಲ್ಲಿದ್ದಾಗ ಶುಕ್ರವಾರ ಫೋನು ಮಾಡುತ್ತಿದ್ದೆ. ಅವಳು ರಿಸೀವರು ಹಿಡಿದರೆ ಬಿಡುತ್ತಿರಲಿಲ್ಲ. ಮೇಷ್ಟ್ರ ಜುಟ್ಟು, ಗೆಳತಿಯ ಕಿವಿಯೋಲೆ, ನೆರೆಮನೆಯ ಬೆಕ್ಕು ಹಾಕಿದ ಮರಿಗಳ ಬಣ್ಣ, ಎಲ್ಲ ಹೇಳುತ್ತಿದ್ದಳು. ನಾನು ಬೂತಿನ ಗಾಜಿನ ಪೆಟ್ಟಿಗೆಯೊಳಗೆ ಬೆವರುತ್ತಾ ಕೇಳುತ್ತಿದ್ದೆ. ಅಂಥ ಮಗಳು ಈಗ ಎದುರಿಗೆ ಬಂದರೆ ಮಾತಿಲ್ಲ. “ಉಪ್ಪಾ, ಚಹಾ” ಎಂದು ಲೋಟ ಇಟ್ಟು ಹೋಗುತ್ತಿದ್ದಳು. ಕಾರು ಬಂದ ದಿನ ಸುತ್ತ ಒಂದು ಸುತ್ತು ಹಾಕಿ, “ಚಂದ ಉಂಟು” ಎಂದಳು, ಅಂಗಡಿಯಲ್ಲಿ ಬಟ್ಟೆ ನೋಡಿ ಕೊಳ್ಳದೆ ಹೋಗುವವರ ಹಾಗೆ. ಮೂಡುಬಿದಿರೆಯ ಕಾಲೇಜಿಗೆ ಕಾರಿನಲ್ಲಿ ಬಿಡುತ್ತೇನೆ ಎಂದೆ. “ಬೇಡ ಉಪ್ಪಾ, ಬಸ್ಸಿನಲ್ಲಿ ಎಲ್ಲರೂ ಇರ್ತಾರೆ” ಎಂದಳು. ಅವಳ ವಯಸ್ಸಿನಲ್ಲಿ ನಾನಾದರೂ ಬಸ್ಸನ್ನೇ ಆರಿಸುತ್ತಿದ್ದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಒಂದು ದಿನ ಮಕ್ಕಳ ಶ್ಯಾಂಪೂ ಹುಡುಕಿಕೊಂಡು, ಹೊಸ ಬಣ್ಣಕ್ಕೆ ಧೂಳು ತಾಗದಿರಲೆಂದು ಬಸ್ಸಿನಲ್ಲೇ, ಮೂಡುಬಿದಿರೆಗೆ ಹೋಗಿದ್ದೆ. ಫಿಲ್ಮ್ ಹಾಕುವಾಗ ನೀರಿಗೆ ಬೆರೆಸಲು ಅದು ಒಳ್ಳೆಯದು. ತಡವಾಗುತ್ತದೆ ಎಂದು ಹೇಳಲು ನಿಲ್ದಾಣದ ಪಕ್ಕದ ಬೂತಿನಿಂದ ಮನೆಗೆ ಫೋನು ಮಾಡಿದೆ. ಕಾಲೇಜಿಗೆ ರಜೆಯಿತ್ತು, ನಸೀಮಾ ಎತ್ತಿದಳು.

“ಹಲೋ?”

“ನಾನು.”

“ಉಪ್ಪಾ!”

ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಅದೇ ಶುಕ್ರವಾರದ ದನಿ. “ಉಪ್ಪಾ, ನಿಮಗೆ ಗೊತ್ತುಂಟಾ, ನಿನ್ನೆ ಪ್ರಾಕ್ಟಿಕಲ್‌ನಲ್ಲಿ ಶೈಲಜಾ ಜಿರಲೆ ಕೊಯ್ಯುವಾಗ ಅದಕ್ಕೆ ಜೀವ ಬಂದು ಓಡಿತು. ಮೇಡಮ್ಮು ಕುರ್ಚಿ ಹತ್ತಿದ್ರು!” ನಾನು ನಕ್ಕೆ. ಅವಳೂ ನಕ್ಕಳು. ಅಲ್ಲಿಂದ ಬಸ್ಸಿನ ಕಂಡಕ್ಟರನ ವಿಷಯ, ಅಲ್ಲಿಂದ ಹಾಸ್ಟೆಲಿನ ಹುಡುಗಿಯರ ಉಪ್ಪಿಟ್ಟಿನ ಕಥೆ. ಮಾತು ಮುಗಿಸುವಾಗ ಅವಳು ಅಭ್ಯಾಸದ ಬಲದಿಂದ, “ಅಲ್ಲಿ ನಿಮ್ಮದು ಊಟ ಆಯ್ತಾ ಉಪ್ಪಾ?” ಎಂದು ಕೇಳಿದಳು.

“ಆಯ್ತು,” ಎಂದೆ. ಆಗಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ. ಮನೆ ಮುಟ್ಟಿದೆ. ನಸೀಮಾ ಬಾಗಿಲು ತೆಗೆದಳು. ಇಬ್ಬರೂ ಒಂದು ಕ್ಷಣ ನಿಂತೆವು. “ಜಿರಲೆ ಸಿಕ್ಕಿತಾ ಮತ್ತೆ?” ಎಂದು ಕೇಳಬೇಕೆಂದುಕೊಂಡೆ. ಬಾಯಿಯಿಂದ ಹೊರಟದ್ದು, “ಉಮ್ಮ ಎಲ್ಲಿ?” “ಒಳಗೆ ಇದ್ದಾರೆ” ಎಂದು ಅವಳು ಪಕ್ಕಕ್ಕೆ ಸರಿದಳು, ನೆಂಟರಿಗೆ ದಾರಿ ಬಿಡುವ ಹಾಗೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿದರೆ ನೀವೂ ಮಾಮಿಯ ಪಕ್ಷ ಸೇರುತ್ತೀರಿ. ಅವಳಿಗೆ ರಜೆಯಿದ್ದ ದಿನ ನೋಡಿ ನಾನು ಮೂಡುಬಿದಿರೆಗೆ ಬಸ್ಸು ಹತ್ತುತ್ತಿದ್ದೆ, ನನ್ನದೇ ಮನೆಗೆ ಫೋನು ಮಾಡಲು. ಹೆಚ್ಚು ಹೊತ್ತು ಮಾತಾಡುವುದನ್ನು ಕಂಡು ಬೂತಿನವನು ಒಮ್ಮೆ ಕೇಳಿದ.

“ದುಬಾಯಿಗಾ?”

“ಅಲ್ಲ. ವೇಣೂರಿಗೆ.”

“ವೇಣೂರಿಗೆ ಈಗ ಬಸ್ಸು ಉಂಟಲ್ಲ, ಅಗೋ ಹೊರಟಿದೆ,” ಎಂದ.

ಬಸ್ಸು ಉಂಟೆಂದು ನನಗೂ ಗೊತ್ತಿತ್ತು.

ಇದೇ ದಿನಗಳಲ್ಲಿ ಶಾರ್ಜಾದ ಅಂಗಡಿಯ ಮ್ಯಾನೇಜರ್ ಫೋನು ಮಾಡಿದ. ನನ್ನ ಜಾಗಕ್ಕೆ ಬಂದವನಿಗೆ ಅಂಚು ಮಡಿಸಲು ಬರುವುದಿಲ್ಲ, ಗಿರಾಕಿಗಳು ನಿನ್ನನ್ನೇ ಕೇಳುತ್ತಾರೆ, ಬರುವುದಾದರೆ ಟಿಕೆಟ್ಟು ನಾನು ಕಳಿಸುತ್ತೇನೆ ಎಂದ. ಗಿರಾಕಿಗಳು ನನ್ನನ್ನು ಕೇಳುತ್ತಾರೆ! ಊರಿನಲ್ಲಿ ಬೆಕ್ಕು ಸಹ ನನ್ನನ್ನು ಕೇಳುತ್ತಿರಲಿಲ್ಲ. “ಇಲ್ಲಿ ಕಾರಿನ ಕೆಲಸ ಒಂದು ಬಾಕಿ ಉಂಟು, ಅದು ಮುಗಿಯಲಿ, ಹೇಳುತ್ತೇನೆ” ಎಂದು ಇಟ್ಟೆ. ಜುಬೈದಾ ಆಗ ಮನೆಯಲ್ಲಿರಲಿಲ್ಲ. ನಾನು ಅವಳಿಗೆ ಹೇಳಲೂ ಇಲ್ಲ. ಹೋಗುತ್ತೇನೆಂದರೆ ಅವಳು ತಡೆಯದಿದ್ದರೆ? ಆ ಭಯ.

ಅಂದಿನಿಂದ ನಾನು ಬಾನೆಟ್ಟು ಮೂಸುವುದು ಬೇರೆ ಕಾರಣಕ್ಕಾಯಿತು. ವಾಸನೆ ಇನ್ನೂ ಇದ್ದರೆ ಸಮಾಧಾನ. ಇನ್ನೂ ತೀರ್ಮಾನ ಮಾಡಬೇಕಾಗಿಲ್ಲ. ತಿಂಗಳು ಕಳೆಯಿತು. ಪಸೆಗೆಂದು ಇನ್ನಷ್ಟು ದಿನ ಬಿಟ್ಟೆ. ಕಡೆಗೊಂದು ಮಧ್ಯಾಹ್ನ ಕಾದ ಬಾನೆಟ್ಟಿಗೆ ಮೂಗಿಟ್ಟರೆ ಬರೀ ಬಿಸಿ ತಗಡಿನ ವಾಸನೆ. ಕಾಯಲು ನೆವ ಉಳಿದಿರಲಿಲ್ಲ.

ಮರುದಿನ ಜುಬೈದಾ ಮತ್ತು ಮಾಮಿ ಬೆಳ್ತಂಗಡಿಗೆ ಹೋಗಿದ್ದರು, ನೆಂಟರ ಮನೆಯ ಬಾಣಂತಿಯನ್ನು ನೋಡಲು. ನಾನು ಕಾರು ತೊಳೆದು, ಒರೆಸಿ, ಶ್ಯಾಂಪೂ ನೀರು ಕಲಸಿ, ಸುರುಳಿ ಬಿಚ್ಚಿದೆ. ಆಗ ನೆನಪಾಯಿತು, ಆ ತುದಿ ಹಿಡಿಯಲು ಮೊಯ್ದು ಇಲ್ಲ. ಇಷ್ಟು ದಿನ ಕಾದವನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಒಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮೊಣಕೈಯಿಂದ ಮಧ್ಯಭಾಗ ಎತ್ತಿ ಹಿಡಿಯಲು ನೋಡಿದೆ. ಹಾಳೆ ಗಾಳಿಗೆ ಮಡಚಿ ನನ್ನ ಮುಖಕ್ಕೇ ಅಂಟಿತು. ಹಾಗೆ ನಿಂತಿದ್ದಾಗ ಹಿಂದಿನಿಂದ ದನಿ ಬಂತು.

“ಉಪ್ಪಾ, ಆ ಕಡೆ ನಾನು ಹಿಡಿಯಲಾ?”

ನಸೀಮಾ ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖದಿಂದ ಹಾಳೆ ಕಿತ್ತು, “ಹಿಡಿ” ಎಂದೆ. “ಬೆರಳು ಒದ್ದೆ ಮಾಡಿಕೋ ಮೊದಲು.”

ಕಾರಿನ ಆ ಕಡೆ ಅವಳು, ಈ ಕಡೆ ನಾನು. ನೀರು ಚಿಮುಕಿಸಿದೆವು. ಹಾಳೆ ಇಳಿಸಿದೆವು. ಜಾರುವ ತುದಿಯನ್ನು ಅವಳು ಎರಡೂ ಕೈಯಲ್ಲಿ ಬಿಗಿಹಿಡಿದಳು, ಬಿಡಲಿಲ್ಲ. ನಾನು ರಬ್ಬರಿನ ಪಟ್ಟಿ ಎಳೆಯತೊಡಗಿದೆ. ಇಬ್ಬರ ಕಣ್ಣೂ ಬಾನೆಟ್ಟಿನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಅವಳು ತಲೆಯೆತ್ತದೆ ಕೇಳಿದಳು.

“ನೀವು ವಾಪಸು ಹೋಗ್ತೀರಾ?”

“ಯಾರು ಹೇಳಿದ್ದು?”

“ಆ ದಿನ ಫೋನಿನಲ್ಲಿ ಮಾತಾಡಿದ್ದು ಕೇಳಿತು. ನಾನು ಒಳಗಿದ್ದೆ.”

ನಾನು ಪಟ್ಟಿ ನಿಲ್ಲಿಸಲಿಲ್ಲ. “ಹೋಗಬೇಕಾ?” ಎಂದೆ. ಕೇಳಿದ ಮೇಲೆ ಅನಿಸಿತು, ಹೀಗೆ ಕೇಳಬಾರದಿತ್ತು.

ಅವಳು ಹಾಳೆಯ ತುದಿಯನ್ನು ಇನ್ನೊಂದಿಷ್ಟು ಎಳೆದು ಸರಿಮಾಡಿದಳು. ಆಮೇಲೆ ಅಂದಳು, “ಹೋದ್ರೆ ಮೊದಲಿನ ಹಾಗೆ ಮಾತಾಡ್ಲಿಕ್ಕೆ ಆಗ್ತದೆ.”

ಹಾಳೆಯಡಿಯ ನೀರು ಒಂದು ಕಡೆ ನಿಂತುಬಿಟ್ಟಿತು. ಅದನ್ನೇ ನೋಡುತ್ತಾ, “ಎದುರಿಗೆ ಯಾಕೆ ಆಗುವುದಿಲ್ಲ?” ಎಂದು ಕೇಳಿದೆ.

“ಫೋನಿನಲ್ಲಿ ನಾನೇ ಮಾತಾಡಿದ್ದು ಉಪ್ಪಾ. ನೀವು ಯಾವತ್ತೂ ನಿಮ್ಮದು ಎಂತದೂ ಹೇಳಲಿಲ್ಲ. ಹೇಗಿದ್ದೀರಿ ಅಂದ್ರೆ ಸುಖ ಅಂತ ಅಷ್ಟೇ. ಎದುರಿಗೆ ಕೂತ್ರೆ, ನಿಮ್ಮ ಹತ್ರ ಎಂತ ಕೇಳ್ಬೇಕು ಅಂತಲೇ ನನಗೆ ಗೊತ್ತಾಗುವುದಿಲ್ಲ. ನಿಮಗೆ ಯಾವ ತಿಂಡಿ ಇಷ್ಟ ಅಂತ ಕೂಡ ಅಜ್ಜಿಯ ಹತ್ರ ಕೇಳಿದ್ದು ನಾನು. ಅವರಿಗೂ ಗೊತ್ತಿಲ್ಲ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಲೆಕ್ಕ ಬಿಡಿಸಲಾಗದವಳು ಯಾವ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ತೋರಿಸುವ ಹಾಗಿತ್ತು. ಹೇಳಲು ಸಂಗತಿಗಳಿದ್ದವು. ಒಂದರ ಮೇಲೊಂದು ಮಂಚ ಹಾಕಿದ ಆ ಕೋಣೆ, ಜ್ವರ ಬಂದಾಗ ಮೊಯ್ದು ಗಂಜಿ ಮಾಡಿ ಅದಕ್ಕೆ ಉಪ್ಪು ಹಾಕಲು ಮರೆತದ್ದು, ಪೆರ್ನಾಲಿನ ದಿನ, ಅಂದರೆ ನಮ್ಮ ಹಬ್ಬದ ದಿನ, ಹೊಸ ಅಂಗಿ ಹಾಕಿಕೊಂಡು ಯಾರ ಮನೆಗೆ ಹೋಗುವುದೆಂದು ತಿಳಿಯದೆ ಸಮುದ್ರದ ದಂಡೆಯಲ್ಲಿ ಕೂತದ್ದು. ಇವೆಲ್ಲ ಫೋನಿನಲ್ಲಿ ಹೇಳುವಂಥವಲ್ಲ ಎಂದುಕೊಂಡಿದ್ದೆ. ಅವರಿಗೆ ಬೇಸರವಾಗದಿರಲಿ ಎಂದು ಎಲ್ಲದರ ಮೇಲೆ ಸುಖ ಎಂಬ ಒಂದೇ ಮಾತು ಹಾಸಿದ್ದೆ.

“ನೀನು ಹುಟ್ಟಿದ ಸುದ್ದಿ ಬಂದ ದಿನ,” ಎಂದು ಶುರುಮಾಡಿದೆ. ಪಟ್ಟಿಯನ್ನು ನಡುವಿನಿಂದ ಅಂಚಿಗೆ ಒಮ್ಮೆ ಎಳೆದೆ. “ನಾನು ಒಬ್ಬ ಅರಬಿಯ ಕಾರಿನ ಬಾನೆಟ್ಟಿಗೆ ಹಾಳೆ ಹಾಕುತ್ತಿದ್ದೆ. ಅಂಗಡಿಯ ಫೋನು ಬಂತು. ಮ್ಯಾನೇಜರ್ ಒಳಗಿಂದ ಕೂಗಿ ಹೇಳಿದ, ಹೆಣ್ಣುಮಗು ಅಂತ.”

ಅವಳು ಮೊದಲ ಸಲ ತಲೆಯೆತ್ತಿದಳು. “ಆಗ ನೀವು ಎಂತ ಮಾಡಿದ್ರಿ?”

“ಅರ್ಧ ಇಳಿಸಿದ ಹಾಳೆ. ಬಿಡುವ ಹಾಗಿಲ್ಲ. ಬಾನೆಟ್ಟು ಮುಗಿಸಿದೆ.”

“ಮುಗಿಸಿದ್ರಾ?” ಅವಳಿಗೆ ನಗು ಬಂತು, ನಗು ನಡುವೆ ನಿಂತಿತು.

“ಮುಗಿಸಿದ ಮೇಲೆ ಒಳಗೆ ಹೋಗಿ ಕೈ ಒರೆಸಿಕೊಂಡೆ. ಯಾರನ್ನಾದರೂ ತಬ್ಬಿಕೊಳ್ಳಬೇಕು ಅನಿಸಿತು. ನನ್ನ ಜೋಡಿ ಮೊಯ್ದು ಅಷ್ಟರಲ್ಲಿ ಊಟಕ್ಕೆ ಹೋಗಿದ್ದ. ಮ್ಯಾನೇಜರನನ್ನು ತಬ್ಬುವ ಹಾಗಿರಲಿಲ್ಲ. ಪಕ್ಕದ ಅಂಗಡಿಯ ಪಾಕಿಸ್ತಾನದ ಮುದುಕ ಟಯರು ಉರುಳಿಸಿಕೊಂಡು ಹೋಗುತ್ತಿದ್ದ. ಅವನನ್ನು ನಿಲ್ಲಿಸಿ ಹೇಳಿದೆ. ಅವನು ಟಯರು ಬಿಟ್ಟು ನನ್ನನ್ನು ತಬ್ಬಿಕೊಂಡ. ಟಯರು ಉರುಳುತ್ತಾ ರಸ್ತೆ ದಾಟಿ ಹೋಯಿತು. ಇಬ್ಬರೂ ಅದರ ಹಿಂದೆ ಓಡಿದೆವು.”

ನಸೀಮಾ ಹಾಳೆಯ ತುದಿ ಹಿಡಿದೇ ನಕ್ಕಳು. ಕಣ್ಣೊರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ, ಭುಜಕ್ಕೆ ಮುಖ ಉಜ್ಜಿಕೊಂಡಳು. ಆ ತುದಿಯಲ್ಲಿ ಒಂದು ಗುಳ್ಳೆ ಉಳಿಯಿತು. ಸೂಜಿಯಿಂದ ಚುಚ್ಚಿ ತೆಗೆಯಬಹುದಿತ್ತು. ನಾನು ಆ ಕಡೆ ಹೋಗಲಿಲ್ಲ, ಮಾತು ನಿಂತುಹೋದೀತೆಂದು.

ಆ ದಿನದಿಂದ ನಾವಿಬ್ಬರೂ ಬಾಯಿ ಬಿಟ್ಟರೆ ನಿಲ್ಲದವರಾದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆ ಚಹಾ ತಂದಿಟ್ಟು ಅವಳು ಎಂದಿನಂತೆ ಒಳಗೆ ಹೋದಳು. ಬಾಗಿಲ ತನಕ ಹೋಗಿ ತಿರುಗಿ, “ಟಯರು ಸಿಕ್ಕಿತಾ?” ಎಂದು ಕೇಳಿದಳು. “ಸಿಕ್ಕಿತು” ಎಂದೆ. ಅಷ್ಟೇ.

ಬೆಳ್ತಂಗಡಿಯಿಂದ ಬಂದ ಮಾಮಿ ಕಾರಿನ ಸುತ್ತ ನೋಡಿ, “ಇಡೀ ದಿನ ಎಂತ ಮಾಡಿದ್ದು ನೀವು? ಎಂತದೂ ಕಾಣುವುದಿಲ್ಲವಲ್ಲ!” ಎಂದರು. ನನಗೆ ಇಷ್ಟು ದೊಡ್ಡ ಹೊಗಳಿಕೆ ಶಾರ್ಜಾದಲ್ಲೂ ಸಿಕ್ಕಿರಲಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರ್ ಮತ್ತೆ ಫೋನು ಮಾಡಿದ. ಜುಬೈದಾ ಅಲ್ಲೇ ಕೂತು ಬಸಳೆ ಸೋಸುತ್ತಿದ್ದಳು. ಬರುವುದಿಲ್ಲ, ಬೇರೆಯವರನ್ನು ನೋಡಿಕೋ ಎಂದೆ. ಅವನು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ. ಫೋನಿಟ್ಟು ತಿರುಗಿದರೆ ಜುಬೈದಾಳ ಕೈ ನಿಂತಿತ್ತು.

“ಯಾವಾಗಿಂದ ಕರೀತಾ ಇದ್ದದ್ದು ಅವರು?”

“ಕೆಲವು ದಿನ ಆಯ್ತು.”

“ನನಗೆ ಹೇಳಲಿಲ್ಲ.”

“ನೀನು ಹೋಗಿ ಅಂದ್ರೆ ಅಂತ ಹೆದರಿಕೆ ಆಯ್ತು.”

ಅವಳು ನನ್ನನ್ನು ನೋಡಿದಳು. ಅಷ್ಟು ನೇರವಾಗಿ, ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ನೆನಪಿಲ್ಲ. ಆಮೇಲೆ ತಲೆ ತಗ್ಗಿಸಿ ಬಸಳೆಯ ದಂಟು ಮುರಿಯತೊಡಗಿದಳು. ರಾತ್ರಿ ಊಟಕ್ಕೆ ನನಗೆಂದು ಇಟ್ಟಿದ್ದ ಬೇರೆ ತಟ್ಟೆ ಬರಲಿಲ್ಲ. ಎಲ್ಲರಿಗೂ ಇಡುವ ಸ್ಟೀಲಿನ ತಟ್ಟೆಯೊಂದು ಬಂತು, ಅದರಲ್ಲಿ ಮೀನಿನ ಬಾಲದ ತುಂಡು. ಮಾಮಿ ಏನೋ ಹೇಳಲು ಬಾಯಿ ತೆರೆದರು. ಜುಬೈದಾ ಅವರ ಕಡೆ ನೋಡಿದಳು. ಅವರು ಮುಚ್ಚಿದರು. ಬಾಲದಲ್ಲಿ ಮುಳ್ಳು ಬಹಳ. ನಾನು ಒಂದೊಂದಾಗಿ ಬಿಡಿಸಿಕೊಂಡು ತಿಂದೆ.

ಮರುದಿನ ಬೆಳಿಗ್ಗೆ ಅವಳು ನನ್ನ ಕೈಗೆ ಕೊಡೆ ಕೊಟ್ಟಳು.

“ಪಂಚಾಯತಿಗೆ ಹೋಗಿ ಬನ್ನಿ. ಗೇಟಿನ ಎದುರು ಚರಂಡಿಯ ಕಲ್ಲು ಜರಿದು ಎಷ್ಟು ಸಮಯ ಆಯ್ತು. ನಾನು ಹೇಳಿ ಹೇಳಿ ಸೋತೆ. ಇನ್ನು ನೀವು ಹೇಳಿ.”

ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಮದುವೆಗೆ ಹೊರಟವನ ಹಾಗೆ ಹೊರಟೆ. ಪಂಚಾಯತಿ ಕಚೇರಿಯಲ್ಲಿ ಮೇಜಿನ ಹಿಂದೆ ಕನ್ನಡಕದ ಗುಮಾಸ್ತರೊಬ್ಬರು ಕೂತಿದ್ದರು. ಚರಂಡಿಯ ವಿಷಯ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ನೀವು ಯಾರು? ಗೊತ್ತಾಗಲಿಲ್ಲ.”

ನನ್ನ ಹೆಸರು ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಡೆಗೆ, “ಜುಬೈದಾ ಅವರ ಗಂಡ” ಎಂದೆ.

“ಓ, ಜುಬೈದಾ ಅವರದ್ದಾ!” ಅವರು ಎದ್ದೇ ನಿಂತರು. ಕುರ್ಚಿ ಎಳೆದು ಕೊಟ್ಟರು. ಆಮೇಲೆ ಸ್ವಲ್ಪ ಅನುಮಾನದಿಂದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು.

“ಆದ್ರೆ ಅವರ ಗಂಡ ಗಲ್ಫಿನಲ್ಲಿ ಅಲ್ವಾ ಇರುವುದು?”

“ಅಲ್ಲ,” ಎಂದೆ, ಯಾರೋ ಮೂರನೆಯವರ ವಿಷಯ ಹೇಳುವ ಹಾಗೆ. “ಈಗ ಇಲ್ಲೇ ಇದ್ದಾರೆ.”